ಎಡಗಿವಿಯ ಸದ್ದು ಎಲ್ಲಿ ಹೋಯಿತು?

ಪ್ರಶ್ನೆ: ನಾನೇ ಜೋಡಿಸಿದ ಹೆಡ್‌ಫೋನ್ ಆಂಪ್ಲಿಫೈಯರ್‌ನಲ್ಲಿ ಎಡಗಡೆ ಸದ್ದು ಆಗಾಗ ನಿಂತುಹೋಗುತ್ತದೆ, ಮಧ್ಯಾಹ್ನ ಜಾಸ್ತಿ. ಎನ್‌ಇ5532 ಐಸಿ ಬದಲಿಸಿದರೂ ಅದೇ ಕಥೆ. ಏನು ಕಾರಣ?
– ಓದುಗರು, ಪಾವಗಡ

ಉತ್ತರ: ಐಸಿಯನ್ನು ಬಿಟ್ಟುಬಿಡಿ, ಪಾಪ. ಅದರೊಳಗೆ ಎರಡು ಆಂಪ್ಲಿಫೈಯರ್‌ಗಳಿದ್ದು, 4 ಮತ್ತು 8ನೇ ಕಾಲಿಗೆ ಬರುವ ಕರೆಂಟನ್ನು ಎರಡೂ ಹಂಚಿಕೊಳ್ಳುತ್ತವೆ. ಬಲಗಡೆ ಸರಿಯಾಗಿ ಕೇಳುತ್ತಿದೆ ಎಂದರೆ ಪವರ್ ಸಪ್ಲೈ ಕೂಡ ನಿರಪರಾಧಿ.

ಹೆಡ್‌ಫೋನನ್ನು ನೇರ ಮೊಬೈಲಿಗೆ ಹಾಕಿ ಕೇಳಿ. ಅದು ಸರಿಯಿದ್ದರೆ, ಬೋರ್ಡಿಗೆ ಬರುವ ಎಡ-ಬಲ ವೈರುಗಳನ್ನು ಅದಲುಬದಲು ಮಾಡಿ. ತೊಂದರೆ ಬಲಗಿವಿಗೆ ಹೋದರೆ ಕೇಬಲ್ ನೋಡಿ. ಎಡದಲ್ಲೇ ಉಳಿದರೆ ಬೋರ್ಡು ಬಿಚ್ಚಿ.

ಮಧ್ಯಾಹ್ನ ಜಾಸ್ತಿ ಎಂದಿರಲ್ಲ, ಅದೇ ಒಳ್ಳೆಯ ಸುಳಿವು. ತಿರುಮಣಿಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿರುವ ಬಿಸಿಲು ನಿಮ್ಮದು! ಕಾದಾಗ ತಾಮ್ರ, ಸೀಸ, ಬೋರ್ಡು ಒಂದೇ ಸಮ ಹಿಗ್ಗುವುದಿಲ್ಲ; ಬೆಸುಗೆಯಲ್ಲಿರುವ ಕೂದಲೆಳೆಯಷ್ಟು ಬಿರುಕು ಬಾಯಿಬಿಡುತ್ತದೆ. ಹಾಡು ಹಾಕಿಟ್ಟು, ಒಣ ಬಿದಿರುಕಡ್ಡಿಯಿಂದ ಒಂದೊಂದೇ ಬಿಡಿಭಾಗವನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ನನ್ನ ಮೊದಲ ಅನುಮಾನ ಹೆಡ್‌ಫೋನ್ ಜ್ಯಾಕಿನ ಮೇಲೆ: ಪ್ಲಗ್ ಹಾಕಿ ತೆಗೆಯುವಾಗಲೆಲ್ಲ ಅದರ ಕಾಲುಗಳೇ ಅಲುಗಾಡುವುದು. ಭೂತಗನ್ನಡಿಯಲ್ಲಿ ಕಾಲಿನ ಸುತ್ತ ಸಣ್ಣ ಕಪ್ಪು ಉಂಗುರ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಹಳೆಯ ಸೀಸ ತೆಗೆದು, ಫ್ಲಕ್ಸ್ ಸವರಿ, ಕಾಲನ್ನೂ ತಾಮ್ರವನ್ನೂ ಒಟ್ಟಿಗೆ ಕಾಯಿಸಿ ಹೊಸದಾಗಿ ಬೆಸೆಯಿರಿ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಮತ್ತೆ ಹೆಡ್‌ಫೋನ್ ಹಾಕುವ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ಹತ್ತಿಪ್ಪತ್ತು ಮಿಲಿವೋಲ್ಟ್ ಇದ್ದರೆ ಪರವಾಗಿಲ್ಲ, ನೂರು ದಾಟಿದ್ದರೆ ಹಾಕಬೇಡಿ.