ದವಾಖಾನೆಯ ನೌಕರಿ ತಪ್ಪಿದ ಮಗಳು

‘ಶುಶ್ರೂಷಾ’ ಎಂಬ ಸಂಸ್ಕೃತ ಶಬ್ದದ ಮೂಲಾರ್ಥವು ‘ಕೇಳಬೇಕೆಂಬ ಇಚ್ಛೆ’ ಎಂದಿರುವದು. ಕೇಳು ಎಂಬರ್ಥದ ‘ಶ್ರು’ ಧಾತುವಿನಿಂದ ಅದು ಹುಟ್ಟಿದೆ. ಗುರುವಿನ ಮಾತನ್ನು ಕೇಳಲಿಚ್ಛಿಸುವವನು ಗುರುವಿನ ಸೇವೆಯನ್ನೂ ಮಾಡುವನಾದ್ದರಿಂದ ಆ ಶಬ್ದಕ್ಕೆ ಸೇವೆಯೆಂಬ ಅರ್ಥವು ಬಂದಿತು. ರೋಗಿಯ ಆರೈಕೆಗೂ ಅದೇ ಹೆಸರಾಯಿತು. ನಡುರಾತ್ರಿಯಲ್ಲಿ ಎಚ್ಚತ್ತಿದ್ದು ಪರರ ನರಳಿಕೆಯನ್ನು ಕೇಳುವವಳೇ ಶುಶ್ರೂಷಕಿ. ಅಂಥವಳ ಒಂದು ಮಾತನ್ನೂ ಕೇಳದೆ ಅವಳನ್ನು ನೌಕರಿಯಿಂದ ತೆಗೆದುಹಾಕಿದರೆ ಅದಕ್ಕಿಂತ ವಿಪರೀತವಾದದ್ದು ಯಾವದಿದ್ದೀತು?

ಬಾಗಲಕೋಟೆ, ಬದಾಮಿ, ಹುನಗುಂದ, ಇಲಕಲ್ಲ ಈ ನಮ್ಮ ಸೀಮೆಯಲ್ಲಿ ದಾದಿಯ ಶಿಕ್ಷಣ ಪಡೆದು ಮನೆತನದ ಭಾರವನ್ನು ಹೊತ್ತ ಹೆಣ್ಣುಮಕ್ಕಳು ಈಗ ವಿರಳರಲ್ಲ. ತಂದೆಯ ಔಷಧ, ತಮ್ಮನ ಶಾಲೆಯ ಖರ್ಚು, ತೆಗೆದ ಸಾಲದ ಕಂತು ಇವೆಲ್ಲ ಅವಳ ಪಗಾರದ ಮೇಲೆಯೇ ನಿಂತಿರುವವು. ಒಂದು ದಿನ ರೋಗಿಯ ಕಡೆಯವರು ಗದ್ದಲ ಮಾಡುತ್ತಾರೆ; ಯಾರ ಮೇಲಾದರೂ ತಪ್ಪು ಹೊರಿಸಬೇಕಾಗುತ್ತದೆ; ದೊಡ್ಡವರು ಉಳಿದುಕೊಂಡು ಚಿಕ್ಕವಳು ಸಿಕ್ಕಿಬೀಳುತ್ತಾಳೆ. ‘ನಾಳೆಯಿಂದ ಬರಬೇಡ’ ಎಂಬ ಬಾಯಿಮಾತಿನಿಂದ ಎಲ್ಲವೂ ಮುಗಿಯುತ್ತದೆ. ಇಂಥ ಪ್ರಸಂಗದಲ್ಲಿ ಗೃಹಸ್ಥರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ನಾವು ಇಲ್ಲಿ ವಿಚಾರಿಸುವೆವು.

ಮೊದಲು ದಾದಿಯ ಸ್ಥಾನವನ್ನು ಅರಿಯಬೇಕು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಬೇಕೆನ್ನುತ್ತದೆ. ನಾಲ್ಕರಲ್ಲಿ ಒಂದು ಕಾಲಾದವಳನ್ನು ಕಸದಂತೆ ಹೊರಗೆ ಹಾಕುವದು ಶಾಸ್ತ್ರಕ್ಕೂ ಸಲ್ಲದು, ವ್ಯವಹಾರಕ್ಕೂ ಸಲ್ಲದು.

ನಮ್ಮ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲದ ಒಂದು ಸಂಗತಿಯು ಇಲ್ಲಿ ಸ್ಮರಣೀಯವಾಗಿದೆ. 1952ರಲ್ಲಿ ಮುಂಬಯಿಯ ಜೆ. ಜೆ. ಸಮೂಹದ ಸರಕಾರಿ ದವಾಖಾನೆಗಳಲ್ಲಿ ಇಬ್ಬರು ಹೆಂಗಸರು ವಾರ್ಡಿನ ಸೇವಕಿಯರಾಗಿ ಸೇರಿದರು. 1954ರ ಕೊನೆಗೆ ಅವರನ್ನು ತೆಗೆದು ಅವರ ಸ್ಥಳದಲ್ಲಿ ಬೇರೆಯವರನ್ನು ಇಟ್ಟುಕೊಳ್ಳಲಾಯಿತು. 1947ರ ಔದ್ಯೋಗಿಕ ವಿವಾದಗಳ ಕಾಯಿದೆಯಂತೆ ಸಲ್ಲಬೇಕಾದ ಪರಿಹಾರವನ್ನು ಕೊಡಲಿಲ್ಲ. ದವಾಖಾನೆಯ ಕೆಲಸಗಾರರ ಸಂಘವು ಅವರ ಬೆನ್ನಿಗೆ ನಿಂತಿತು. ಮುಂಬಯಿ ಹಾಯಕೋರ್ಟಿನ ಒಬ್ಬ ನ್ಯಾಯಾಧೀಶರ ಮುಂದೆ ಅವರು ಸೋತರು; ಅಲ್ಲಿಯೇ ಮೇಲಿನ ಪೀಠದಲ್ಲಿ ಗೆದ್ದರು; ಸರಕಾರವು ಸುಪ್ರೀಮ್ ಕೋರ್ಟಿಗೆ ಹೋಯಿತು. 1960ನೆಯ ಜನೆವರಿಯಲ್ಲಿ ಆ ಕೋರ್ಟು ಸೇವಕಿಯರ ಪಕ್ಷದಲ್ಲಿಯೇ ತೀರ್ಪು ಕೊಟ್ಟಿತು. ಪರಿಹಾರ ಕೊಡದೆ ಮಾಡಿದ ಉಚ್ಚಾಟನೆಯು ಅಸಿಂಧುವೆಂದಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡಕರರು. ಅವರ ಮನೆತನದ ಹೆಸರಿನಲ್ಲಿಯೇ ನಮ್ಮ ನೆರೆಯ ಗಜೇಂದ್ರಗಡವು ಅಡಗಿದೆ.

ಈ ಕಥೆಯಿಂದ ಎರಡು ಪಾಠಗಳುಂಟು. ವಾರ್ಡು ಗುಡಿಸುವವಳಿಗೂ ನ್ಯಾಯವು ದೊರೆಯಬಲ್ಲದು ಎಂಬುದು ಒಂದು. ಅದಕ್ಕೆ ಐದು ವರುಷಗಳು ಹಿಡಿದವು ಎಂಬುದು ಇನ್ನೊಂದು. ಆದ ಕಾರಣ ನ್ಯಾಯದ ದಾರಿಯನ್ನೂ ಅನ್ನದ ದಾರಿಯನ್ನೂ ಏಕಕಾಲಕ್ಕೆ ಹಿಡಿಯಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡಲಾಗದು.

ಮೊದಲ ಕರ್ತವ್ಯವು ಮನೆಯವರದು. ಅಳುತ್ತ ಬಂದ ಮಗಳಿಗೆ ‘ನೀನೇನು ಮಾಡಿದಿ?’ ಎಂದು ಕೇಳಿದರೆ ದವಾಖಾನೆಯವರು ಕೊಟ್ಟ ಶಿಕ್ಷೆಯನ್ನು ನಾವೂ ಮನೆಯಲ್ಲಿ ಇನ್ನೊಮ್ಮೆ ಕೊಟ್ಟಂತಾಗುವದು. ‘ಏನಾಯಿತವ್ವಾ, ಹೇಳು’ ಎನ್ನಬೇಕು. ನಡುವೆ ಬಾಯಿ ಹಾಕದೆ ಕೇಳಬೇಕು. ಓಣಿಯವರು ಏನೆಂದಾರು, ಬಂದ ಸಂಬಂಧವು ತಪ್ಪೀತೇ ಎಂಬ ಚಿಂತೆಯನ್ನು ಅವಳ ಮುಂದೆ ಆಡಲಾಗದು. ನಿದ್ರೆ ಊಟಗಳು ಬಹುದಿನ ಕೆಟ್ಟರೆ ವೈದ್ಯರಿಗೆ ತೋರಿಸುವದರಲ್ಲಿ ಲಜ್ಜೆಪಡಬಾರದು. ಆರೈಕೆ ಮಾಡುವವಳಿಗೂ ಆರೈಕೆಯು ಬೇಕು.

ಎರಡನೆಯದು ಕಾಗದಪತ್ರ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಹೋದ ಬಾಗಲಕೋಟೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮನೆ ಮುಳುಗಿದರೂ ನೋಟೀಸು ಉತಾರಗಳನ್ನು ಜೋಪಾನ ಮಾಡಿದವನ ಹಕ್ಕು ಮುಳುಗಲಿಲ್ಲ. ಹಾಗೆಯೇ ನೇಮಣೂಕಿಯ ಪತ್ರ, ಪಗಾರದ ಚೀಟಿಗಳು, ಬ್ಯಾಂಕಿನ ಪುಸ್ತಕ, ಪಾಳಿಯ ಪಟ್ಟಿ ಇವುಗಳನ್ನು ಒಂದೆಡೆ ಕೂಡಿಸಬೇಕು. ನಡೆದದ್ದನ್ನು ದಿನಾಂಕ ಸಹಿತವಾಗಿ ಅಂದೇ ಬರೆದಿಡಬೇಕು. ತೆಗೆದುಹಾಕಿದ ಕಾರಣವನ್ನು ಬರಹದಲ್ಲಿ ಕೊಡಿರೆಂದು ಸ್ಪೀಡ್ ಪೋಸ್ಟ್ ಅಂಚೆಯಿಂದ ಕೇಳಬೇಕು. ಮೂಲ ಪ್ರಮಾಣಪತ್ರಗಳು ಅಲ್ಲಿ ಉಳಿದಿದ್ದರೆ ಅವನ್ನೂ ಬರೆದು ಬೇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ರಾಜೀನಾಮೆ ಬರೆದುಕೊಡು, ನಿನಗೆ ಒಳ್ಳೆಯದು’ ಎಂಬ ಸವಿಮಾತಿಗೆ ಮರುಳಾಗಿ ಸಹಿ ಮಾಡಲಾಗದು. ತಾನಾಗಿ ಬಿಟ್ಟೆನೆಂದು ಬರೆದುಕೊಟ್ಟವಳ ದೂರನ್ನು ಸಿದ್ಧಪಡಿಸುವದು ಕಠಿಣ.

ಮೂರನೆಯದು ಕಾಯಿದೆ. ಬೆಂಗಳೂರಿನ ನೀರು ಸರಬರಾಜು ಮಂಡಳಿಯ ಕೆಲಸಗಾರರ ಮೊಕದ್ದಮೆಯಲ್ಲಿ 1978ರಲ್ಲಿ ಸುಪ್ರೀಮ್ ಕೋರ್ಟು ದವಾಖಾನೆಗಳನ್ನೂ ‘ಉದ್ಯಮ’ವೆಂಬ ಶಬ್ದದೊಳಗೆ ತಂದಿತು. 2025ರ ನವಂಬರದಿಂದ ಹಳೆಯ ಕಾಯಿದೆಯ ಸ್ಥಳದಲ್ಲಿ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಬಂದಿದೆ. ಅದರಂತೆ ತೆಗೆದುಹಾಕಲ್ಪಟ್ಟ ಕೆಲಸಗಾರರು ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದು; 45 ದಿನಗಳಲ್ಲಿ ಬಗೆಹರಿಯದಿದ್ದರೆ ನ್ಯಾಯಮಂಡಲಿಗೆ ಹೋಗಬಹುದು; ಆದರೆ ತೆಗೆದುಹಾಕಿದ ದಿನದಿಂದ ಎರಡು ವರುಷದೊಳಗೆ ಹೋಗಬೇಕು. ಧರ್ಮಾರ್ಥವಾಗಿ ನಡೆಯುವ ಸಂಸ್ಥೆಗಳನ್ನು ಈ ಸಂಹಿತೆಯು ಹೊರಗಿಟ್ಟಿರುವದರಿಂದ ತಮ್ಮ ದವಾಖಾನೆಯು ಯಾವ ಬಗೆಯದೆಂದು ವಕೀಲರನ್ನು ಕೇಳಿಕೊಳ್ಳತಕ್ಕದ್ದು. ಪಗಾರದ ಸಂಹಿತೆಯಂತೂ ಎಲ್ಲರಿಗೂ ಅನ್ವಯಿಸುವದು: ತೆಗೆದುಹಾಕಿದ ಎರಡು ಕೆಲಸದ ದಿನಗಳೊಳಗೆ ಬಾಕಿ ಪಗಾರವು ಕೈಸೇರಬೇಕು. ಹೆರಿಗೆಯ ರಜೆಯಲ್ಲಿದ್ದವಳನ್ನು ಆ ಕಾರಣಕ್ಕಾಗಿ ತೆಗೆಯುವದು 1961ರ ಕಾಯಿದೆಯಿಂದಲೇ ನಿಷಿದ್ಧವಾಗಿದ್ದಿತು, ಹೊಸ ಸಂಹಿತೆಯಲ್ಲಿಯೂ ನಿಷಿದ್ಧವೇ.

ವಕೀಲರಿಗೆ ಕೊಡಲು ಹಣವೆಲ್ಲಿದೆ ಎಂದು ಕೈಚೆಲ್ಲಿ ಕೂಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಅವರ ಆದಾಯವೆಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆಯಾಗಿ ದೊರೆಯುವದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಟ್ಟರಾಯಿತು.

ಇನ್ನು ಅನ್ನದ ಮಾತು. ದವಾಖಾನೆಯವರು ಕಸಿದುಕೊಂಡದ್ದು ಒಂದು ನೌಕರಿಯನ್ನು, ವಿದ್ಯೆಯನ್ನಲ್ಲ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಅವಳ ಹೆಸರಿನ ನೋಂದಣಿಯು ನೌಕರಿಯೊಡನೆ ಹೋಗುವದಿಲ್ಲ. ಮನೆಯ ಖರ್ಚನ್ನು ಕೆಲವು ತಿಂಗಳು ಬಿಗಿಹಿಡಿದು, ಸಾಲ ಕೊಟ್ಟವರಿಗೆ ಮುಂಚಿತವಾಗಿಯೇ ತಿಳಿಸಿ, ಅವಳು ಬೇರೆಡೆ ಅರ್ಜಿ ಹಾಕಬೇಕು. ‘ಮೊದಲಿನದನ್ನು ಏಕೆ ಬಿಟ್ಟಿರಿ?’ ಎಂಬ ಪ್ರಶ್ನೆಯು ಬಂದೇ ಬರುವದು. ಆಗ ಸುಳ್ಳು ಹೇಳುವದೂ ಬೇಡ, ಹಳೆಯವರನ್ನು ನಿಂದಿಸುವದೂ ಬೇಡ. ‘ಹೀಗಾಯಿತು, ಅದರ ವಿಷಯದಲ್ಲಿ ಅರ್ಜಿ ಕೊಟ್ಟಿದ್ದೇನೆ, ನನ್ನ ಕೆಲಸವನ್ನು ಬಲ್ಲವರು ಇಂಥವರಿದ್ದಾರೆ’ ಎಂದು ಎರಡು ಮಾತಿನಲ್ಲಿ ಮುಗಿಸಬೇಕು. ಜೊತೆಯಲ್ಲಿ ದುಡಿದ ಹಿರಿಯ ದಾದಿಯೊಬ್ಬಳ ಸಾಕ್ಷಿಯು ಹತ್ತು ಪ್ರಶಸ್ತಿಪತ್ರಗಳಿಗೆ ಸಮಾನ.

ಇಲಕಲ್ಲ ಸೀರೆಯಲ್ಲಿ ಮೈಯ ಹಾಸೂ ಸೆರಗಿನ ಹಾಸೂ ಬೇರೆ ಬೇರೆ ಇರುವವು. ನೇಕಾರರ ಮನೆಯವರು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅದು ಬೇಸರದ ಕೆಲಸ, ಒಬ್ಬರಿಂದ ಬೇಗನೆ ಆಗದು. ಕಡಿದುಹೋದ ಬಾಳನ್ನು ಮುಂದಿನ ಬಾಳಿಗೆ ಜೋಡಿಸುವದೂ ಹಾಗೆಯೇ. ಅರ್ಜಿ ಬರೆಯಲು ತಮ್ಮನು, ಕಚೇರಿಗೆ ಜೊತೆಯಾಗಿ ಹೋಗಲು ತಂದೆಯು, ಹೊತ್ತಿಗೆ ರೊಟ್ಟಿ ಬಡಿಸಲು ತಾಯಿಯು, ಹೀಗೆ ಮನೆಮಂದಿಯೆಲ್ಲ ಕೈಹಚ್ಚಬೇಕು. ಊರ ರೋಗಿಗಳ ನರಳಿಕೆಯನ್ನು ಕೇಳಿದ ಮಗಳ ಮಾತನ್ನು ಮನೆಯವರಾದರೂ ಕೇಳಲಿ ಎಂಬುದೇ ವಾಚಕರಲ್ಲಿ ನಮ್ಮ ವಿಜ್ಞಾಪನೆ.