ತಲೆಸ್ನಾನವೂ ಸೆಳವೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಚ್ಚಲುಗಳಲ್ಲಿ ಹಂಡೆಯ ಬಿಸಿನೀರನ್ನು ಚೊಂಬಿನಿಂದ ಒಂದೇಸಮನೆ ನೆತ್ತಿಗೆ ಸುರಿದುಕೊಳ್ಳುವುದು ವಾಡಿಕೆ. ಹೀಗೆ ಮೀಯುವಾಗಲೇ ಕೆಲವರಿಗೆ ಮೂರ್ಛೆ ಬರುವುದುಂಟು. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲು ವರದಿಯಾದ ಈ 'ಬಿಸಿನೀರಿನ ಅಪಸ್ಮಾರ' ಅನ್ಯತ್ರ ವಿರಳ. ದಕ್ಷಿಣ ಕರ್ನಾಟಕದಲ್ಲಿ ಅಷ್ಟು ವಿರಳವಲ್ಲ. ಇದಕ್ಕೆ ತಾಯಿತ ಕಟ್ಟಿಸುವುದು ವ್ಯರ್ಥವೆಂದು ನಾವು ಬೇರೆ ಹೇಳಬೇಕಾಗಿಲ್ಲ.

ಸೆಳವೆಂದರೆ ಮಿದುಳಿನ ಅಸಂಖ್ಯ ನರಕೋಶಗಳು ಒಮ್ಮೆಗೇ ಕೆರಳುವುದು. ಆ ಕೆರಳಿಕೆಗೆ ಕಡಿವಾಣ ಹಾಕುವ ರಾಸಾಯನಿಕಗಳಲ್ಲಿ ಗಾಬಾ ಮುಖ್ಯವಾದುದು. ಅದು ಕೋಶದ ಹೊರಪೊರೆಯಲ್ಲಿರುವ ತನ್ನ ಗ್ರಾಹಕಕ್ಕೆ ಅಂಟಿದೊಡನೆ ಅಲ್ಲೊಂದು ತೂಬು ತೆರೆದು, ಕ್ಲೋರೈಡ್ ಅಯಾನುಗಳು ಒಳಹರಿದು, ಕೋಶವು ಶಾಂತವಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ತೂಬುಗಳನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕ್ಲೋಬಜಾಮ್ ಎಂಬ ಔಷಧವು ಈ ತೂಬು ಪದೇ ಪದೇ ತೆರೆಯುವಂತೆ ಮಾಡುತ್ತದೆ. ಆದುದರಿಂದಲೇ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಅದನ್ನು ಸೇವಿಸುವಂತೆ ವೈದ್ಯರು ಕೆಲವರಿಗೆ ವಿಧಿಸುವರು. ನೀರಿನ ಬಿಸಿಯನ್ನು ತಗ್ಗಿಸುವುದಂತೂ ಮೊದಲ ಪಥ್ಯ.

ಆದರೆ ಗ್ರಾಹಕಗಳು ನೆಲೆನಿಂತ ವಸ್ತುಗಳಲ್ಲ. ಸೆಳವು ಬಿಡದೆ ಮುಂದುವರಿದರೆ ಅವುಗಳಲ್ಲಿ ಅನೇಕವು ಪೊರೆಯಿಂದ ಕೋಶದೊಳಕ್ಕೆ ಸರಿದುಬಿಡುತ್ತವೆ; ಆಗ ಇಂಥ ಔಷಧಗಳು ಕೆಲಸಮಾಡಲು ಸಾಕಷ್ಟು ತೂಬುಗಳೇ ಉಳಿಯವು. 5 ನಿಮಿಷ ಮೀರಿದ ಸೆಳವನ್ನು ವೈದ್ಯರು ತುರ್ತೆಂದು ಎಣಿಸಲು ಇದೂ ಒಂದು ಕಾರಣ. ರೋಗಿಯ ಕೈಗೆ ಕಬ್ಬಿಣ ಕೊಟ್ಟು ಕಾಯುವ ಮನೆಯವರು ಕಳೆದುಕೊಳ್ಳುವುದು ಈ ನಿಮಿಷಗಳನ್ನೇ.