ಬಲೆಗೆ ನೆರಳು, ಗಾಳಕ್ಕೆ ಒಣ ಡಬ್ಬಿ

ಪೈಠಣದ ನಾಥಸಾಗರಕ್ಕೆ ಖಾಯಂ ದಡ ಎಂಬುದಿಲ್ಲ. ಛತ್ರಪತಿ ಸಂಭಾಜಿನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಗೋದಾವರಿಗೆ ಕಟ್ಟಿದ ಜಾಯಕವಾಡಿ ಅಣೆಕಟ್ಟಿನ ಹಿನ್ನೀರು ಇದು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ತುಂಬಿದಾಗ ಸುಮಾರು 350 ಚದರ ಕಿ.ಮೀ. ಹರಡಿಕೊಳ್ಳುವ ನೀರಿಗೆ ಸರಾಸರಿ ಆಳ ಎಂಟು ಮೀಟರಿನ ಆಸುಪಾಸು ಅಷ್ಟೇ. ಬಟ್ಟಲಿನದಲ್ಲ, ತಟ್ಟೆಯ ಆಕಾರ. ಮಟ್ಟ ಸ್ವಲ್ಪ ಇಳಿದರೂ ದಡ ಬಹುದೂರ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ತೆರೆದುಕೊಳ್ಳುವ ಮೆಕ್ಕಲಿನಲ್ಲಿ ರೈತರು ಬೆಳೆ ತೆಗೆಯುತ್ತಾರೆ. ಮೀನುಗಾರರು ತಮ್ಮ ಸಾಮಾನು ಹೊತ್ತು ನೀರಿನ ಬೆನ್ನು ಹತ್ತುತ್ತಾರೆ.

ಆ ಮಟ್ಟದ ಲೆಕ್ಕಾಚಾರದಲ್ಲಿ ನದಿಯ ಮೇಲ್ಭಾಗದ ನಾಸಿಕಕ್ಕೂ ದೊಡ್ಡ ಪಾಲಿದೆ. ಗಂಗಾಪುರ, ದಾರಣಾ ಮೊದಲಾದ ಜಲಾಶಯಗಳು ಅಲ್ಲಿವೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಜಾಯಕವಾಡಿಯಲ್ಲಿ ಶೇ. 65ರಷ್ಟು ನೀರಿಲ್ಲದಿದ್ದರೆ ಮೇಲಿನವರು ಬಿಡಬೇಕು ಎಂಬುದು ಮಹಾರಾಷ್ಟ್ರ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ 2014ರ ಆದೇಶದ ಸಾರ. ಪತ್ರಿಕೆಗಳಲ್ಲಿ ಇದು ಕಬ್ಬಿನ ಜಗಳ, ಕುಡಿಯುವ ನೀರಿನ ಜಗಳ. ಪೈಠಣದ ಭೋಯಿ, ಕಹಾರ ಮೀನುಗಾರ ಸಮುದಾಯಗಳ ಮನೆಗಳಲ್ಲಿ ಅದೇ ಸುದ್ದಿಗೆ ಇನ್ನೊಂದು ಅರ್ಥವಿದೆ: ಈ ವರ್ಷ ಬಲೆಯನ್ನು ಎಷ್ಟು ದೂರ ಹೊರಬೇಕು?

ದಡವೇ ಓಡಾಡುವಲ್ಲಿ ಸಾಮಾನಿಡಲು ಪಕ್ಕಾ ಕೋಣೆ ಕಟ್ಟಿ ಉಪಯೋಗವಿಲ್ಲ. ಮೀನುಗಾರಿಕೆಯ ಸಲಕರಣೆಯೆಲ್ಲ ಒಬ್ಬಿಬ್ಬರು ಹೊರುವ ಗಂಟಿನಲ್ಲಿ ಅಡಗಬೇಕು. ದೋಣಿಗಳೂ ಅಂಥವೇ. ಸಣ್ಣ ದೋಣಿಗಳ ಜೊತೆಗೆ, ಥರ್ಮೋಕೋಲ್ ಹಲಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮಾಡಿದ ತೆಪ್ಪ, ಗಾಳಿ ತುಂಬಿದ ಲಾರಿ ಟ್ಯೂಬು ಇವೆಲ್ಲ ಮಹಾರಾಷ್ಟ್ರದ ಒಳನಾಡಿನ ಹಿನ್ನೀರುಗಳಲ್ಲಿ ಬಳಕೆಯಲ್ಲಿವೆ. ತುಂಗಭದ್ರೆಯ ಹರಿಗೋಲು ನೋಡಿ ಬೆಳೆದವರಿಗೆ ಇವು ಬಡಪಾಯಿ ಅನ್ನಿಸಬಹುದು. ಆದರೆ ಟ್ಯೂಬಿನ ಮೇಲೆ ಕೂತವನಿಗೆ ಶಿಸ್ತು ಹೆಚ್ಚು ಬೇಕು: ಒಂದು ಗಾಳ ಸಡಿಲವಾಗಿ ಬಿದ್ದಿದ್ದರೂ ಟ್ಯೂಬು ತೂತಾಗಬಹುದು. ಗಾಳಗಳಿಗೆ ಗಟ್ಟಿ ಮುಚ್ಚಳದ ಡಬ್ಬಿ ಅಲ್ಲಿ ಜೀವರಕ್ಷಕ ಸಾಮಗ್ರಿಯೇ.

ಈ ನೀರುಗಳ ಮುಖ್ಯ ಸಲಕರಣೆ ಕಿವಿರು ಬಲೆ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಸೀಸದ ಗುಂಡು ಅಥವಾ ಕಲ್ಲು ಕಟ್ಟಿರುವುದರಿಂದ ಬಲೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಕಣ್ಣಿನಲ್ಲಿ ತಲೆ ತೂರಿಸಿದ ಕಟ್ಲಾ, ರೋಹು ಹಿಂದೆ ಸರಿಯಲು ಹೋಗಿ ಕಿವಿರಿನಲ್ಲಿ ಸಿಕ್ಕಿಬೀಳುತ್ತವೆ. ಇಂಥ ಬಲೆಯನ್ನು ಎತ್ತುವಾಗಲೇ ಅದರ ದಾಸ್ತಾನು ಶುರು. ಬೆಂಡಿನ ಹಗ್ಗ ಒಂದು ಬದಿಗೆ, ಸೀಸದ ಹಗ್ಗ ಇನ್ನೊಂದು ಬದಿಗೆ, ನಡುವೆ ಬಲೆ ಮಡಿಕೆ ಮಡಿಕೆಯಾಗಿ ಬೀಳಬೇಕು. ಬೆಂಡುಗಳನ್ನೆಲ್ಲ ಒಟ್ಟಿಗೆ ಕಟ್ಟಿ ಚೀಲಕ್ಕೆ ಇಳಿಸಿದರೆ ಮರುದಿನ ಬಿಡುವಾಗ ಬಲೆ ಸರಸರ ಜಾರುತ್ತದೆ. ಎರಡು ಹಗ್ಗ ಒಮ್ಮೆ ಅದಲುಬದಲಾದರೆ ಬೆಳಗಿನ ಹೊತ್ತೆಲ್ಲ ಸಿಕ್ಕು ಬಿಡಿಸುವುದರಲ್ಲೇ ಕಳೆಯುತ್ತದೆ. ಬೇರೆ ಬೇರೆ ಕಣ್ಣಳತೆಯ ಬಲೆಗಳಿಗೆ ಬೇರೆ ಬೇರೆ ಚೀಲ, ಬಾಯಿಗೆ ಬೇರೆ ಬೇರೆ ಬಣ್ಣದ ದಾರ ಇದ್ದರೆ ನಸುಕಿನ ಕತ್ತಲಲ್ಲೂ ಕೈ ತಪ್ಪುವುದಿಲ್ಲ.

ಕಾಪಿಡುವ ನಿಯಮಗಳು ಎರಡೇ ತಲೆಮಾರುಗಳಲ್ಲಿ ಬುಡಮೇಲಾದದ್ದು ಈ ಕಸುಬಿನ ಸ್ವಾರಸ್ಯ. ಹತ್ತಿ ಮತ್ತು ಸೆಣಬಿನ ಕಾಲದಲ್ಲಿ ಬಲೆಯ ಶತ್ರು ಕೊಳೆತ. ಪ್ರತಿಸಲ ತೊಳೆದು ಬಿಸಿಲಿಗೆ ಹರಡಬೇಕಿತ್ತು. ಮರದ ತೊಗಟೆಯ ಕಷಾಯದಲ್ಲಿ, ಹೊಳೆ ತೂಬರೆ ಜಾತಿಯ ಮರದ ಕಾಯಿಯ ಒಗರು ರಸದಲ್ಲಿ ಅದ್ದಿ ಬಣ್ಣ ಕಟ್ಟುವುದು ಭಾರತದ ಹಲವೆಡೆ ರೂಢಿಯಲ್ಲಿತ್ತು. ಬಲೆಗಳ ಅಧ್ಯಯನವನ್ನೂ ನಡೆಸುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೊಚ್ಚಿಯಲ್ಲಿ 1957ರಲ್ಲಿ ಶುರುವಾಯಿತು. ಮುಂದಿನ ದಶಕಗಳಲ್ಲಿ ನೈಲಾನ್ ಎಲ್ಲೆಡೆ ಬಂತು. ನೈಲಾನ್ ಕೊಳೆಯುವುದಿಲ್ಲ, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ದುರ್ಬಲವಾಗುತ್ತದೆ. ಅಜ್ಜ ಬಿಸಿಲಿಗೆ ಹಾಕುತ್ತಿದ್ದ, ಮೊಮ್ಮಗ ನೆರಳಿಗೆ ಎಳೆಯಬೇಕು. ಹಳೆಯ ಅಭ್ಯಾಸ ಸುಲಭಕ್ಕೆ ಬಿಡದು; ಬೇಲಿ, ಗೋಡೆಗಳ ಮೇಲೆ ದಿನವಿಡೀ ಹರಡಿದ ನೈಲಾನ್ ಬಲೆಗಳನ್ನು ಕೆರೆಯೂರುಗಳಲ್ಲಿ ಈಗಲೂ ಕಾಣಬಹುದು. ಇಲಿ ಮಾತ್ರ ಎರಡೂ ಕಾಲಕ್ಕೆ ಸಮಾನ ಶತ್ರು. ಮೀನಿನ ವಾಸನೆ ಉಳಿದ ಬಲೆಯನ್ನು ಅದು ಕಡಿಯದೆ ಬಿಡುವುದಿಲ್ಲ. ಚೆನ್ನಾಗಿ ತೊಳೆದು, ನೆರಳಲ್ಲಿ ಒಣಗಿಸಿ, ತೊಲೆಗೆ ತೂಗುಹಾಕುವುದೇ ಇದಕ್ಕೆ ದಾರಿ.

ಬಾಳೆಮೀನಿನಂಥ ಬೇಟೆಗಾರ ಮೀನುಗಳಿಗೆ ಉದ್ದ ಹಗ್ಗಕ್ಕೆ ಸಾಲುಗಾಳ ಕಟ್ಟುತ್ತಾರೆ. ಹಗ್ಗವನ್ನು ಬುಟ್ಟಿಯೊಳಗೆ ಸುರುಳಿ ಸುತ್ತಿ, ಗಾಳಗಳನ್ನು ಅಂಚಿನುದ್ದಕ್ಕೂ ಕ್ರಮವಾಗಿ ಚುಚ್ಚಿಟ್ಟರೆ ಬಿಡುವಾಗ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಯಾವ ಕಂಪನಿಯ ಪೆಟ್ಟಿಗೆಯೂ ಈ ಬುಟ್ಟಿಗೆ ಸಾಟಿಯಲ್ಲ.

ರಜೆಯ ದಿನ ಸ್ಕೂಟರ್ ಮೇಲೆ ಕೆರೆದಂಡೆಗೆ ಹೊರಡುವ ಹವ್ಯಾಸಿಗಳ ಕಷ್ಟವೇ ಬೇರೆ. ಅವರಲ್ಲಿ ಸಾಮಾನು ಹೆಚ್ಚು, ಮೀನು ಕಡಿಮೆ. ಭಾರತದ ಹವೆಯಲ್ಲಿ ಗಾಳ, ದಾರ, ಕೋಲುಗಳ ಬಗ್ಗೆ ವಿವರವಾಗಿ ಬರೆದ ಹಳೆಯ ಇಂಗ್ಲಿಷ್ ಪುಸ್ತಕವೊಂದು ಕನ್ನಡ ನಾಡಿನದೇ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇಂದಿನ ಹವ್ಯಾಸಿಗೆ ಬೇಕಾದ್ದು ಸ್ವಲ್ಪವೇ: ಖಾನೆಗಳಿರುವ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ. ಒದ್ದೆ ಗಾಳವನ್ನು ಒಣ ಗಾಳಗಳ ಜೊತೆ ಹಾಕಿದರೆ ತುಕ್ಕು ಎಲ್ಲಕ್ಕೂ ಹತ್ತುತ್ತದೆ. ಮೆತ್ತನೆಯ ರಬ್ಬರಿನಂಥ ಕೃತಕ ಹುಳುಗಳನ್ನು ಅವು ಬಂದ ಪೊಟ್ಟಣದಲ್ಲೇ ಬಿಡಬೇಕು. ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನು ಅವು ಕರಗಿಸಿಬಿಡುತ್ತವೆ. ರೀಲಿನ ಬಿಗಿ ಸಡಿಲಿಸಿ ಇಡಬೇಕು. ಸೀಸದ ಗುಂಡು ಬುತ್ತಿಯ ಚೀಲದಲ್ಲಿ ಕೂಡದು. ಇನ್ನು, ಜಾಯಕವಾಡಿ 1986ರಿಂದ ಪಕ್ಷಿಧಾಮ. ಗಾಳ ಬಿಚ್ಚುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳುವುದು ಒಳ್ಳೆಯದು.

ಬಳಸಿ ಮುಗಿದ ಬಲೆಗೆ ಮಾತ್ರ ಇನ್ನೂ ಸರಿಯಾದ ಜಾಗವಿಲ್ಲ. ಹಲವು ಎಳೆಗಳ ನೈಲಾನನ್ನು ಕೂತು ಹೆಣೆದು ಸರಿಮಾಡಬಹುದಿತ್ತು. ಈಗ ಎಲ್ಲೆಡೆ ಹಬ್ಬಿರುವ ಒಂಟಿ ಎಳೆಯ ಅಗ್ಗದ ಬಲೆ ಹರಿದರೆ ರಿಪೇರಿಗೆ ಒಗ್ಗದು. ಹಗ್ಗ, ಬೆಂಡು, ಸೀಸ ಬಿಚ್ಚಿಕೊಂಡು ಹೊಸ ಬಲೆಗೆ ಕಟ್ಟುತ್ತಾರೆ, ಉಳಿದದ್ದು ದಡಕ್ಕೆ ಬೀಳುತ್ತದೆ. ನೀರುಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ಇದೇ. ನಾಸಿಕ ಜಿಲ್ಲೆಯ ನಾಂದೂರ್ ಮಧ್ಯಮೇಶ್ವರ 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎಂದು ಘೋಷಣೆಯಾಯಿತು. ನಾಥಸಾಗರಕ್ಕೆ ಫ್ಲೆಮಿಂಗೋಗಳು ಬರುತ್ತವೆ. ಇಂಥ ನೀರುಗಳ ಪ್ರತಿ ಇಳಿದಾಣದಲ್ಲೂ ಹಳೆಯ ಬಲೆ ಹಾಕಲು ಒಂದು ತೊಟ್ಟಿ ಇಡುವುದು ಸಹಕಾರ ಸಂಘಗಳಿಗೆ ದೊಡ್ಡ ಖರ್ಚಲ್ಲ. ದಡ ಸರಿದಾಗ ಆ ತೊಟ್ಟಿಯನ್ನೂ ಹೊತ್ತುಕೊಂಡು ಹೋಗಬೇಕು, ಅಷ್ಟೆ.